ಅಳತೆಯ ಕಟ್ಟ: ಮಲೆನಾಡಿನ ಒಂದು ಹಳ್ಳದಲ್ಲಿ ನೀರಿನ ಹರಿವನ್ನೂ ಗುಣವನ್ನೂ ಒಟ್ಟಿಗೆ ಅಳೆದ ಬಗೆ

ನೀರಿನ ಗುಣಮಟ್ಟದ ಅಧ್ಯಯನ ಎಂದಾಗ ನಮ್ಮ ಕಾಲೇಜುಗಳಲ್ಲಿ ಮೊದಲು ನೆನಪಾಗುವುದು ಬಾಟಲಿ. ಹಳ್ಳಕ್ಕೋ ಕೆರೆಗೋ ಹೋಗಿ ಬಾಟಲಿ ತುಂಬಿಸಿಕೊಂಡು ಬಂದು, ಪ್ರಯೋಗಾಲಯದ ಮೇಜಿನ ಮೇಲೆ ಪಿಎಚ್, ಗಡಸುತನ, ಕ್ಲೋರೈಡ್ ನೋಡಿ ಕೋಷ್ಟಕ ಬರೆದರೆ ಕೆಲಸ ಮುಗಿಯಿತು ಎಂಬ ರೂಢಿ ಬೆಳೆದುಬಿಟ್ಟಿದೆ. ಆ ಬಾಟಲಿ ತುಂಬಿದ ಗಳಿಗೆಯಲ್ಲಿ ಹಳ್ಳದಲ್ಲಿ ಸೆಕೆಂಡಿಗೆ ಎಷ್ಟು ಲೀಟರ್ ನೀರು ಹರಿಯುತ್ತಿತ್ತು ಎಂಬುದನ್ನು ಬರೆದಿಡುವವರು ವಿರಳ. ಆ ಒಂದು ಅಂಕಿ ಇಲ್ಲದಿದ್ದರೆ ಉಳಿದವೆಲ್ಲ ಅರ್ಧ ವಿಷಯವನ್ನಷ್ಟೇ ಹೇಳುತ್ತವೆ. ಬೇಸಿಗೆಯಲ್ಲಿ ಲೀಟರಿಗೆ 20 ಮಿಲಿಗ್ರಾಂ ಮಣ್ಣು ಹೊತ್ತು ಸೆಕೆಂಡಿಗೆ 10 ಲೀಟರ್ ಹರಿಯುವ ಹಳ್ಳವು ಗಂಟೆಗೆ ಸಾಗಿಸುವ ಮಣ್ಣು 720 ಗ್ರಾಂ. ಅದೇ ಹಳ್ಳ ಮಳೆಗಾಲದಲ್ಲಿ ಲೀಟರಿಗೆ 200 ಮಿಲಿಗ್ರಾಂ ಹೊತ್ತು ಸೆಕೆಂಡಿಗೆ 100 ಲೀಟರ್ ಹರಿದರೆ ಗಂಟೆಗೆ 72 ಕಿಲೊ. ಬಾಟಲಿ ತೋರಿಸುವುದು ಹತ್ತು ಪಟ್ಟಿನ ವ್ಯತ್ಯಾಸ, ಗುಡ್ಡ ಕಳೆದುಕೊಳ್ಳುವುದು ನೂರು ಪಟ್ಟು.

ಈ ಕಾರಣಕ್ಕಾಗಿ ಪದವಿಪೂರ್ವ ಕಾಲೇಜಿನ ನಮ್ಮ ವಿಜ್ಞಾನ ವಿದ್ಯಾರ್ಥಿಗಳ ಕ್ಷೇತ್ರಕಾರ್ಯವನ್ನು ನಾವು ಬಾಟಲಿಯಿಂದ ಆರಂಭಿಸದೆ ಹರಿವಿನಿಂದ ಆರಂಭಿಸಿದೆವು. ಹರಿವು ಅಳೆಯುವ ಒಂದು ಸಣ್ಣ ಕಟ್ಟವನ್ನು (ನೀರು ಹಾಯಲು ಮೇಲಂಚಿನಲ್ಲಿ ಕಂಡಿ ಕೊಯ್ದ ಅಡ್ಡ ಹಲಗೆಯನ್ನು) ನಮ್ಮ ಕೈಯಾರೆ ಮಾಡಿ, ಹಳ್ಳಕ್ಕೆ ಕೂರಿಸಿ, ಅದರ ಪಕ್ಕದಲ್ಲಿ ನಿಂತು ನೀರಿನ ಗುಣವನ್ನು ಅಳೆಯುವುದು ನಮ್ಮ ಯೋಜನೆಯಾಗಿತ್ತು. ಅದನ್ನು ಮಾಡಿದ ಬಗೆಯನ್ನು, ಬೇರೆಯವರು ತಮ್ಮ ಊರಿನ ಹಳ್ಳದಲ್ಲಿ ಮಾಡಲು ಸಾಧ್ಯವಾಗುವಷ್ಟು ವಿವರವಾಗಿ ಇಲ್ಲಿ ದಾಖಲಿಸಿದ್ದೇನೆ.

ಜಾಗದ ಆಯ್ಕೆ

ಹಳ್ಳ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ನೀರು ಕೊನೆಗೆ ಸೇರುವುದು ತುಂಗೆಯನ್ನು. ಸರ್ವೇ ಆಫ್ ಇಂಡಿಯಾದ 1:50,000 ಪ್ರಮಾಣದ ಭೂಪಟದಲ್ಲಿ ಸಮೋನ್ನತಿ ರೇಖೆಗಳನ್ನು (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳನ್ನು) ಹಿಡಿದು ಜಲಾನಯನದ, ಎಂದರೆ ಈ ಹಳ್ಳಕ್ಕೆ ನೀರು ಹರಿದು ಬರುವ ಪ್ರದೇಶದ, ಗಡಿ ಎಳೆದು, ಚೌಕಗಳನ್ನು ಎಣಿಸಿದಾಗ ಸುಮಾರು 90 ಹೆಕ್ಟೇರ್ ಬಂತು. ಮೇಲ್ಭಾಗದಲ್ಲಿ ಕಾಡು, ಅದರ ಕೆಳಗೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಕಣಿವೆಯ ತಳದಲ್ಲಿ ಅಡಿಕೆ ತೋಟಗಳು. ಗಡಿ ಎಳೆಯುವ ಈ ಕೆಲಸವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಬೇಕು. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್, ಒಂದು ಹೆಕ್ಟೇರಿಗೆ ಹತ್ತು ಸಾವಿರ ಲೀಟರ್ ಎಂಬ ಲೆಕ್ಕ ಅವರಿಗೆ ಬಾಯಿಪಾಠ ಬರುತ್ತದೆ. ಆದರೆ 10 ಮಿ.ಮೀ. ಮಳೆ ಬಂದರೆ ತಾವು ದಿನವೂ ದಾಟುವ ಹಳ್ಳದ ಹಿಂದಿನ ಗುಡ್ಡದ ಮೇಲೆ 90 ಲಕ್ಷ ಲೀಟರ್ ನೀರು ಬೀಳುತ್ತದೆ ಎಂದು ತಾವೇ ಗುಣಿಸಿ ನೋಡಿದಾಗ ಮಾತ್ರ ಆ ಲೆಕ್ಕಕ್ಕೆ ಜೀವ ಬರುತ್ತದೆ.

ಕಟ್ಟಕ್ಕೆ ಬೇಕಾದ ಜಾಗಕ್ಕೆ ಮೂರು ಗುಣಗಳಿರಬೇಕು. ಕೆಲವು ಮೀಟರ್ ದೂರ ಹಳ್ಳ ನೇರವಾಗಿ ಹರಿಯಬೇಕು, ದಡಗಳು ಗಟ್ಟಿಯಾಗಿರಬೇಕು, ಮತ್ತು ಕಟ್ಟದ ಕೆಳಗೆ ನೀರು ಬೀಳಲು ಇಳಿಜಾರು ಇರಬೇಕು. ನಮಗೆ ಸಿಕ್ಕ ಜಾಗದಲ್ಲಿ ಜಂಬಿಟ್ಟಿಗೆಯ ಒಂದು ಸಹಜ ಮೆಟ್ಟಿಲು ಇದ್ದು, ಅಲ್ಲಿ ಹಳ್ಳ ಅರ್ಧ ಮೀಟರ್ ಕೆಳಕ್ಕೆ ಧುಮುಕುತ್ತಿತ್ತು.

ಮಲೆನಾಡಿನಲ್ಲಿ ಹಳ್ಳದ ನೀರಿನ ಮೇಲೆ ಕೆಳಗಿನ ತೋಟದವರಿಗೆ ಹಿಂದಿನಿಂದ ಬಂದ ಹಕ್ಕಿರುತ್ತದೆ. ಅವರ ಒಪ್ಪಿಗೆಯಿಲ್ಲದೆ ಒಂದು ಕಲ್ಲನ್ನೂ ಅಡ್ಡ ಇಡಬಾರದು. ತೋಟದ ಯಜಮಾನರ ಬಳಿ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲ ಮೇಷ್ಟ್ರೇ, ಅಡ್ಡ ಹಲಗೆ ಹಾಕಿದ್ರೆ ನಮ್ಮ ಕಪ್ಪಿಗೆ ನೀರು ಕಮ್ಮಿಯಾಗಲ್ವ?" (ಕಪ್ಪು ಎಂದರೆ ತೋಟದೊಳಗಿನ ಕಾಲುವೆ.) ಕಟ್ಟದ ಹಿಂದಿನ ಸಣ್ಣ ಗುಂಡಿ ತುಂಬುವ ಕೆಲವು ನಿಮಿಷ ಮಾತ್ರ ಕೆಳಗೆ ನೀರು ಕಡಿಮೆಯಾಗುತ್ತದೆ, ತುಂಬಿದ ಮೇಲೆ ಬಂದಷ್ಟೂ ನೀರು ಕಂಡಿಯ ಮೂಲಕ ಹೋಗುತ್ತದೆ ಎಂದು ವಿವರಿಸಿದ ಮೇಲೆ ಅವರು ಒಪ್ಪಿದರು; ಮಳೆಗಾಲಕ್ಕೆ ಮೊದಲು ತೆಗೆಯಬೇಕು ಎಂಬ ಷರತ್ತನ್ನೂ ಹಾಕಿದರು. ಆ ಷರತ್ತು ಸರಿಯಾದದ್ದೇ. ಮಳೆಗಾಲದ ಆರಂಭದಲ್ಲಿ ಮೀನುಗಳು ಹಳ್ಳ ಹತ್ತುತ್ತವೆ, ಅವಕ್ಕೆ ಹಲಗೆ ಅಡ್ಡವಾಗಬಾರದು.

ಕಂಡಿ ಮತ್ತು ಹಲಗೆ

ಸಣ್ಣ ಹರಿವಿಗೆ 90 ಡಿಗ್ರಿ ಕೋನದ ವಿ ಆಕಾರದ ಕಂಡಿಯಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಚೌಕಾಕಾರದ ಕಂಡಿಯಲ್ಲಿ ಹರಿವು ಕಡಿಮೆಯಾದಾಗ ನೀರು ತೆಳ್ಳಗೆ ಹರಡಿಕೊಂಡು ಮಟ್ಟದ ವ್ಯತ್ಯಾಸವೇ ತಿಳಿಯದಂತಾಗುತ್ತದೆ. ವಿ ಕಂಡಿಯಲ್ಲಿ ಹಾಗಾಗದು; ನೀರು ಇಳಿದಂತೆಲ್ಲ ಕಂಡಿಯೂ ಕಿರಿದಾಗುವುದರಿಂದ ಸಣ್ಣ ಹರಿವೂ ಓದಲು ಸಿಗುವ ಮಟ್ಟವನ್ನು ಕೊಡುತ್ತದೆ. ಸೂತ್ರವೂ ಸರಳ. ಕಂಡಿಯ ಬುಡದಿಂದ ನೀರಿನ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದನ್ನು 2.5ನೇ ಘಾತಕ್ಕೆ ಏರಿಸಿ, 1.37ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಎಂಬುದು ಸಿಗುತ್ತದೆ. 5 ಸೆಂ.ಮೀ. ಎತ್ತರಕ್ಕೆ ಸೆಕೆಂಡಿಗೆ 0.77 ಲೀಟರ್, 10 ಸೆಂ.ಮೀ.ಗೆ 4.3 ಲೀಟರ್, 15 ಸೆಂ.ಮೀ.ಗೆ 11.9 ಲೀಟರ್, 20 ಸೆಂ.ಮೀ.ಗೆ 24.5 ಲೀಟರ್.

ಹಲಗೆಗೆ ನೀರು ತಡೆಯುವ 19 ಮಿ.ಮೀ. ದಪ್ಪದ ಪ್ಲೈವುಡ್ ಬಳಸಿದೆವು. ಅಗಲ 150 ಸೆಂ.ಮೀ., ಎತ್ತರ 90 ಸೆಂ.ಮೀ. ಇದರಲ್ಲಿ ಕೆಳಗಿನ 20 ಸೆಂ.ಮೀ. ಹಳ್ಳದ ತಳದೊಳಗೆ ಹೂತುಹೋಗುತ್ತದೆ, ಅದರ ಮೇಲಿನ 45 ಸೆಂ.ಮೀ. ಕಂಡಿಯ ಬುಡದವರೆಗಿನ ಗೋಡೆಯಾಗುತ್ತದೆ, ಉಳಿದ 25 ಸೆಂ.ಮೀ. ಕಂಡಿಯ ಆಳ. ಕಂಡಿಯ ಬುಡ ಗುಂಡಿಯ ತಳದಿಂದ ಎತ್ತರದಲ್ಲಿರುವುದು ಮುಖ್ಯ. ನೀರು ಕಂಡಿಯನ್ನು ಸಮೀಪಿಸುವಾಗ ಬಹುತೇಕ ನಿಂತಂತಿರಬೇಕು. ಗುಂಡಿ ಆಳವಿಲ್ಲದಿದ್ದರೆ ನೀರು ವೇಗವಾಗಿ ಬಂದು ಸೂತ್ರ ಹೇಳುವುದಕ್ಕಿಂತ ಹೆಚ್ಚು ಹರಿದುಹೋಗುತ್ತದೆ.

ಕಂಡಿಯ ಅಂಚನ್ನು ಪ್ಲೈವುಡ್‌ನಲ್ಲಿ ಕೊಯ್ದು ಹಾಗೆಯೇ ಬಿಡಲಾಗದು. ಪ್ಲೈವುಡ್‌ನಲ್ಲಿ ಕಂಡಿಯನ್ನು ಎಲ್ಲ ಕಡೆಯೂ 3 ಸೆಂ.ಮೀ. ದೊಡ್ಡದಾಗಿ ಕೊಯ್ದು, ಅದರ ಮೇಲ್ಹರಿವಿನ ಮುಖಕ್ಕೆ 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡನ್ನು ಸ್ಕ್ರೂ ಹಾಕಿ ಕೂರಿಸಿ, ನಿಜವಾದ ಕಂಡಿಯನ್ನು ಆ ತಗಡಿನಲ್ಲಿ ಕೊಯ್ದೆವು. ಬುಡದ ಬಿಂದುವಿನಿಂದ ನೇರವಾಗಿ ಮೇಲಕ್ಕೆ 25 ಸೆಂ.ಮೀ. ಗೆರೆ ಎಳೆದು, ಅಲ್ಲಿಂದ ಎಡಕ್ಕೂ ಬಲಕ್ಕೂ 25 ಸೆಂ.ಮೀ. ಗುರುತಿಸಿ, ಆ ಎರಡು ಗುರುತುಗಳನ್ನು ಬುಡಕ್ಕೆ ಜೋಡಿಸಿದರೆ 90 ಡಿಗ್ರಿ ತಾನಾಗಿ ಬರುತ್ತದೆ; ಬಡಗಿಯ ಮೂಲೆಮಟ್ಟ ಇಟ್ಟು ಅದನ್ನು ಖಚಿತಪಡಿಸಿಕೊಂಡೆವು. ಕೊಯ್ದ ಮೇಲೆ ಅರ ಹಾಕುವ ಕೆಲಸ. ಮೇಲ್ಹರಿವಿನ ಅಂಚು ಚೂಪಾಗಿ, ಚೌಕವಾಗಿ ಉಳಿಯಬೇಕು. ಕೆಳಹರಿವಿನ ಕಡೆ ಮಾತ್ರ ಇಳಿಜಾರಾಗಿ ಉಜ್ಜಿ ಅಂಚಿನ ದಪ್ಪವನ್ನು ಸುಮಾರು ಒಂದು ಮಿಲಿಮೀಟರಿಗೆ ಇಳಿಸಬೇಕು. ಹೀಗೆ ಮಾಡಿದಾಗ ನೀರಿನ ಧಾರೆ ಆ ತೆಳು ಅಂಚನ್ನು ಮುಟ್ಟಿ, ಹಲಗೆಯಿಂದ ಬಿಡಿಸಿಕೊಂಡು, ಹಿಂಬದಿಯಲ್ಲಿ ಗಾಳಿಗೆ ಎಡೆ ಬಿಟ್ಟು ಹಾರಿ ಬೀಳುತ್ತದೆ. ಧಾರೆ ಹಲಗೆಗೆ ಅಂಟಿಕೊಂಡು ಜಾರಿ ಇಳಿಯುತ್ತಿದ್ದರೆ ಆ ಹೊತ್ತಿನ ಓದನ್ನು ನಂಬುವಂತಿಲ್ಲ. ಮಟ್ಟ 5–6 ಸೆಂ.ಮೀ.ಗಿಂತ ಕೆಳಗಿಳಿದಾಗ ಒಳ್ಳೆಯ ಕಂಡಿಯಲ್ಲೂ ಹೀಗಾಗುತ್ತದೆ. ಆಗ ಬಕೆಟ್ಟೇ ಸರಿಯಾದ ಸಾಧನ.

ಕೂರಿಸಿದ್ದು

ಡಿಸೆಂಬರ್ ಆರಂಭದಲ್ಲಿ ಹಳ್ಳದ ರಭಸ ತಗ್ಗಿದ ಮೇಲೆ ಕೆಲಸ ಹಿಡಿದೆವು. ನೀರನ್ನು ತಾತ್ಕಾಲಿಕವಾಗಿ ಪಕ್ಕಕ್ಕೆ ತಿರುಗಿಸಲು ಅಡಿಕೆ ದಬ್ಬೆಗಳನ್ನು ಬಳಸಿ, ಮೆಟ್ಟಿಲಿನ ತುಸು ಮೇಲ್ಭಾಗದಲ್ಲಿ ಹಳ್ಳಕ್ಕೆ ಅಡ್ಡಲಾಗಿ ಕಾಲುವೆ ತೋಡಿ, ಎರಡೂ ದಡಗಳಿಗೆ ಹಲಗೆಯ ಅಂಚು ಹೋಗುವಷ್ಟು ಸೀಳು ಮಾಡಿದೆವು. ಹಲಗೆಯನ್ನು ಇಳಿಸಿ, ರಸಮಟ್ಟ ಇಟ್ಟು ಅಡ್ಡವಾಗಿಯೂ, ತೂಗುಗುಂಡು ಬಿಟ್ಟು ಲಂಬವಾಗಿಯೂ ಸರಿಪಡಿಸಿದೆವು. ಗುಂಡಿ ಪೂರ್ತಿ ತುಂಬಿದಾಗ 70 ಸೆಂ.ಮೀ. ಆಳ, 1.2 ಮೀಟರ್ ಅಗಲದ ನೀರು ಹಲಗೆಯನ್ನು ಸುಮಾರು 290 ಕಿಲೊ ತೂಕದ ಬಲದಿಂದ ತಳ್ಳುತ್ತದೆ. ವಿದ್ಯಾರ್ಥಿಗಳು ಈ ಲೆಕ್ಕವನ್ನು ಭೌತಶಾಸ್ತ್ರದ ಪಾಠದಿಂದಲೇ ಮಾಡಿದರು; ಅದರಂತೆ ಹಿಂಬದಿಗೆ ಎರಡು ಕಬ್ಬಿಣದ ಕೋನಪಟ್ಟಿಗಳನ್ನು ಆಸರೆಯಾಗಿ ಕೊಟ್ಟು ಕಲ್ಲಿಗೆ ಒರಗಿಸಲಾಯಿತು.

ನಿಜವಾದ ಹೋರಾಟ ಸೋರಿಕೆಯೊಂದಿಗೆ. ಹಲಗೆಯ ಅಡಿಯಿಂದ ಸೋರುವ ನೀರು ಕಂಡಿಯ ಮೂಲಕ ಹಾಯುವುದಿಲ್ಲ, ಆದ್ದರಿಂದ ಲೆಕ್ಕಕ್ಕೂ ಬರುವುದಿಲ್ಲ. ಮೇಲ್ಹರಿವಿನ ಕಡೆ ದಪ್ಪ ಟಾರ್ಪಾಲನ್ನು ಹಲಗೆಯ ಬುಡದಿಂದ ಗುಂಡಿಯ ತಳದವರೆಗೆ ಹಾಸಿ, ಅದರ ಮೇಲೆ ಜೇಡಿಮಣ್ಣು ತುಂಬಿದ ಗೊಬ್ಬರದ ಚೀಲಗಳನ್ನು ಒತ್ತೊತ್ತಾಗಿ ಜೋಡಿಸಿ ತುಳಿದೆವು. ದಡದ ಸೀಳುಗಳಿಗೆ ಜೇಡಿಮಣ್ಣಿನ ಉಂಡೆಗಳನ್ನು ತುರುಕಿದೆವು. ಕೆಲವು ದಿನ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ಮಟ್ಟ ಕಾರಣವಿಲ್ಲದೆ ಇಳಿದಿತ್ತು. ಬಲದಡದ ಮಣ್ಣಿನಲ್ಲಿ ಏಡಿ ಬಿಲ ತೋಡಿ, ಹಲಗೆಯನ್ನು ಬಳಸಿಕೊಂಡು ಕೆಳಗೆ ಹೋಗುವ ದಾರಿ ಮಾಡಿತ್ತು. ಹಳ್ಳಕ್ಕೆ ಒಡ್ಡು ಕಟ್ಟುವ ಯಾವ ರೈತರನ್ನು ಕೇಳಿದರೂ ಏಡಿಯ ವಿಷಯ ಹೇಳುತ್ತಾರೆ. ಬಿಲದೊಳಗೆ ಚಿಕ್ಕ ಕಲ್ಲು ಮತ್ತು ಮಣ್ಣನ್ನು ಒಟ್ಟಿಗೆ ಕುಟ್ಟಿ ತುಂಬಿ, ದಡದ ಆ ಭಾಗಕ್ಕೆ ಕಲ್ಲು ಹಾಸಿದ ಮೇಲೆ ಸೋರಿಕೆ ನಿಂತಿತು. ಅಂದಿನಿಂದ ಕಂಡಿಯ ಓದಿಗೆ ಮೊದಲು ಹಲಗೆಯ ಕೆಳಬದಿಯನ್ನು ಸುತ್ತಿ ನೋಡಿ, ಒದ್ದೆಯಾದ ಹೊಸ ಜಾಗ ಇದೆಯೇ ಎಂದು ಬರೆಯುವುದು ನಮ್ಮ ದಾಖಲೆಯ ಮೊದಲ ಸಾಲಾಯಿತು.

ಮಟ್ಟದ ಪಟ್ಟಿಯ ಸೊನ್ನೆ

ಇಡೀ ಕೆಲಸದಲ್ಲಿ ಅತ್ಯಂತ ನಾಜೂಕಿನ ಭಾಗ ಇದು; ಇದಕ್ಕೆ ಬೇಕಾದಷ್ಟು ಸಮಯ ಕೊಡಲೇಬೇಕು. ನೀರಿನ ಎತ್ತರವನ್ನು ಕಂಡಿಯಲ್ಲೇ ಅಳೆಯಬಾರದು, ಏಕೆಂದರೆ ಕಂಡಿಯ ಬಳಿ ನೀರಿನ ಮೇಲ್ಮೈ ಬಾಗಿ ಇಳಿಯುತ್ತಿರುತ್ತದೆ. ಗರಿಷ್ಠ ಎತ್ತರದ ನಾಲ್ಕು ಪಟ್ಟು ದೂರದಲ್ಲಿ, ಎಂದರೆ ನಮ್ಮ 25 ಸೆಂ.ಮೀ. ಕಂಡಿಗೆ ಒಂದು ಮೀಟರ್ ಮೇಲ್ಹರಿವಿನ ಕಡೆ, ಮಟ್ಟ ಓದುವ ಅಳತೆಯ ಪಟ್ಟಿಯನ್ನು ನೆಡಬೇಕು. ಆ ಪಟ್ಟಿಯ ಸೊನ್ನೆಯೂ ಕಂಡಿಯ ಬುಡವೂ ಒಂದೇ ಮಟ್ಟದಲ್ಲಿರಬೇಕು. ಇದಕ್ಕೆ ಗಾರೆಯವರು ಅಡಿಪಾಯದ ಮಟ್ಟ ನೋಡಲು ಬಳಸುವ ಟ್ಯೂಬ್ ಲೆವೆಲ್ ಸಾಕು. ಪಾರದರ್ಶಕ ಪೈಪಿನಲ್ಲಿ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿ, ಒಂದು ತುದಿಯ ನೀರನ್ನು ಕಂಡಿಯ ಬುಡಕ್ಕೆ ಸರಿಯಾಗಿ ಹಿಡಿದು, ಇನ್ನೊಂದು ತುದಿಯ ನೀರು ನಿಲ್ಲುವಲ್ಲಿ ಪಟ್ಟಿಯ ಕಂಬಕ್ಕೆ ಗುರುತು ಹಾಕಿದೆವು. ತುದಿಗಳನ್ನು ಅದಲುಬದಲು ಮಾಡಿ ಮತ್ತೆ ನೋಡಿದಾಗಲೂ ಗುರುತು ಅಲ್ಲೇ ಬಂದರೆ ಮಾತ್ರ ಪಟ್ಟಿಯನ್ನು ಸ್ಕ್ರೂ ಹಾಕಿ ಬಿಗಿಯಬೇಕು.

ಇಷ್ಟು ಎಚ್ಚರಿಕೆ ಏಕೆಂದರೆ ಎತ್ತರದಲ್ಲಿ ಆಗುವ ಶೇಕಡಾವಾರು ವ್ಯತ್ಯಾಸ ಹರಿವಿನಲ್ಲಿ ಎರಡೂವರೆ ಪಟ್ಟಾಗುತ್ತದೆ. 10 ಸೆಂ.ಮೀ. ಮಟ್ಟದಲ್ಲಿ ಸೊನ್ನೆ 2 ಮಿ.ಮೀ. ತಪ್ಪಿದ್ದರೆ ಹರಿವಿನ ಲೆಕ್ಕ ಶೇ. 5ರಷ್ಟು ತಪ್ಪುತ್ತದೆ, ಮತ್ತು ಆ ತಪ್ಪು ಪ್ರತಿದಿನವೂ ಒಂದೇ ದಿಕ್ಕಿನಲ್ಲಿ ಸೇರುತ್ತ ಹೋಗುತ್ತದೆ.

ಕಟ್ಟವನ್ನು ನಂಬಬಹುದೇ

ಸೂತ್ರ ಪುಸ್ತಕದ್ದು, ಕಂಡಿ ನಮ್ಮದು. ಆದ್ದರಿಂದ ಬೇರೆ ವಿಧಾನಗಳಿಂದ ತಾಳೆ ನೋಡದೆ ಮುಂದೆ ಹೋಗುವಂತಿರಲಿಲ್ಲ. ಹರಿವು ಹೆಚ್ಚಿದ್ದ ಡಿಸೆಂಬರಿನಲ್ಲಿ ಉಪ್ಪಿನ ವಿಧಾನವನ್ನು ಬಳಸಿದೆವು. ಗೊತ್ತಿರುವ ತೂಕದ ಉಪ್ಪನ್ನು ಹಳ್ಳಕ್ಕೆ ಸುರಿದು, ಅದು ಎಷ್ಟು ತೆಳುವಾಯಿತು ಎಂಬುದನ್ನು ನೀರಿನ ವಿದ್ಯುತ್ ವಾಹಕತೆಯ ಏರಿಕೆಯಿಂದ ತಿಳಿದು ಹರಿವನ್ನು ಲೆಕ್ಕ ಹಾಕುವ ವಿಧಾನ ಇದು. ಮಲೆನಾಡಿನ ಕಲ್ಲುಬಂಡೆಯ ಹಳ್ಳಗಳಲ್ಲಿ ತೇಲುವ ಕಡ್ಡಿಯ ವೇಗ ನೋಡಿ, 0.85ರಿಂದ ಗುಣಿಸಿ, ಅಡ್ಡಕೊಯ್ತದ ವಿಸ್ತೀರ್ಣದೊಂದಿಗೆ ಲೆಕ್ಕ ಹಾಕುವ ವಿಧಾನ ಅಷ್ಟಾಗಿ ಹೊಂದುವುದಿಲ್ಲ. ಕಡ್ಡಿ ಸುಳಿಗೆ ಸಿಕ್ಕಿ ಅಲ್ಲೇ ತಿರುಗುತ್ತದೆ, ತಳವೂ ಒಂದೇ ಸಮನಾಗಿರುವುದಿಲ್ಲ. ಉಪ್ಪಿಗೆ ಈ ಸುಳಿಗಳೇ ಅನುಕೂಲ, ಏಕೆಂದರೆ ಅವು ಉಪ್ಪನ್ನು ಚೆನ್ನಾಗಿ ಬೆರೆಸುತ್ತವೆ.

ತೂಕ ಮಾಡಿದ 200 ಗ್ರಾಂ ಉಪ್ಪನ್ನು ಒಂದು ಬಕೆಟ್ ಹಳ್ಳದ ನೀರಿನಲ್ಲಿ ಪೂರ್ತಿ ಕರಗಿಸಿ, ಒಂದೇ ಸಲಕ್ಕೆ ಹಳ್ಳದ ನಡುವೆ ಸುರಿಯಬೇಕು. ಹಳ್ಳದ ಅಗಲದ ಕನಿಷ್ಠ ಇಪ್ಪತ್ತೈದು ಪಟ್ಟು ಕೆಳಗೆ, ನೀರು ಬೆರೆತ ಮೇಲೆ, ವಿದ್ಯುತ್ ವಾಹಕತೆಯ ಮೀಟರನ್ನು ಮುಳುಗಿಸಿ ಹಿಡಿದು ಐದು ಸೆಕೆಂಡಿಗೊಮ್ಮೆ ಓದಬೇಕು. ಒಬ್ಬರು ಸಮಯ ಕೂಗುವುದು, ಒಬ್ಬರು ಓದುವುದು, ಒಬ್ಬರು ಬರೆಯುವುದು. ನಮ್ಮ ಹಳ್ಳದ ಸಹಜ ವಾಹಕತೆ 42 ಮೈಕ್ರೊಸೀಮೆನ್ಸ್ ಇತ್ತು; ಉಪ್ಪಿನ ಅಲೆ ಬಂದಾಗ ಅದು ಸರಸರನೆ 250ರ ಸಮೀಪ ಏರಿ, ನಿಧಾನವಾಗಿ, ಉದ್ದನೆಯ ಬಾಲ ಬಿಟ್ಟುಕೊಂಡು ಮತ್ತೆ 42ಕ್ಕೆ ಇಳಿಯಿತು. ಪ್ರತಿ ಓದಿನಿಂದ 42 ಕಳೆದು ಎಲ್ಲವನ್ನೂ ಕೂಡಿದಾಗ 4,630 ಬಂತು. ಐದು ಸೆಕೆಂಡಿನಿಂದ ಗುಣಿಸಿ, ಒಂದು ಮೈಕ್ರೊಸೀಮೆನ್ಸ್ ಏರಿಕೆಗೆ ಲೀಟರಿಗೆ 0.48 ಮಿಲಿಗ್ರಾಂ ಉಪ್ಪು ಎಂಬ ಅನುಪಾತ ಬಳಸಿ, 2,00,000 ಮಿಲಿಗ್ರಾಂ ಉಪ್ಪನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ 18 ಲೀಟರ್. ಅದೇ ಹೊತ್ತಿನಲ್ಲಿ ಕಂಡಿಯ ಪಟ್ಟಿ 17.5 ಸೆಂ.ಮೀ. ತೋರಿಸುತ್ತಿತ್ತು, ಎಂದರೆ 17.6 ಲೀಟರ್. ಆ 0.48 ಎಂಬ ಅನುಪಾತವನ್ನು ಪುಸ್ತಕದಿಂದ ಎತ್ತಿಕೊಳ್ಳದೆ, ಹಳ್ಳದ ನೀರಿಗೇ ಗೊತ್ತಿರುವ ಪ್ರಮಾಣದ ಉಪ್ಪು ಸೇರಿಸುತ್ತ ತಮ್ಮ ಮೀಟರಿನಲ್ಲಿ ಕಂಡುಕೊಳ್ಳುವುದು ಒಳ್ಳೆಯದು. ಉಪ್ಪಿನಿಂದ ಹಳ್ಳಕ್ಕೆ ತೊಂದರೆಯಾಗುವುದಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳಿದರು. ಅಲೆಯ ತುದಿಯಲ್ಲೂ ಕ್ಲೋರೈಡ್ ಲೀಟರಿಗೆ ಸುಮಾರು 60 ಮಿಲಿಗ್ರಾಂ ಮಾತ್ರ ಹೆಚ್ಚಿತ್ತು, ಅದೂ ಕೆಲವೇ ನಿಮಿಷ. ಕುಡಿಯುವ ನೀರಿಗೆ ಒಪ್ಪಿತವಾದ ಮಿತಿ 250.

ಏಪ್ರಿಲ್‌ನಲ್ಲಿ ಮಟ್ಟ 7 ಸೆಂ.ಮೀ.ಗೆ ಇಳಿದಾಗ ಬಕೆಟ್ ಪರೀಕ್ಷೆ ಮಾಡಿದೆವು. ಸೂತ್ರದ ಪ್ರಕಾರ ಸೆಕೆಂಡಿಗೆ 1.78 ಲೀಟರ್, ಎಂದರೆ 20 ಲೀಟರಿನ ಬಕೆಟ್ ತುಂಬಲು 11.2 ಸೆಕೆಂಡ್ ಬೇಕು. ಧಾರೆ ಪೂರ್ತಿ ಒಳಗೆ ಬೀಳುವಂತೆ ಬಕೆಟ್ ಹಿಡಿದು ಅಳೆದಾಗ ಸರಾಸರಿ 11.6 ಸೆಕೆಂಡ್ ಬಂತು. ಎರಡು ತುದಿಗಳಲ್ಲೂ ತಾಳೆಯಾದ ಮೇಲೆ ನಡುವಿನ ಅಂಕಿಗಳನ್ನು ನಾವು ಧೈರ್ಯವಾಗಿ ಬಳಸಿದೆವು.

ಕಟ್ಟ ಕಲಿಸಿದ ಒಂದು ವಿಷಯ ನನಗೆ ಬಹಳ ಮುಖ್ಯವೆನಿಸುತ್ತದೆ. ಜನವರಿಯ ಆರಂಭದಲ್ಲಿ ಮಟ್ಟ 15 ಸೆಂ.ಮೀ. ಇದ್ದದ್ದು ಫೆಬ್ರವರಿ ನಡುವಿನ ಹೊತ್ತಿಗೆ 11.4 ಸೆಂ.ಮೀ.ಗೆ ಇಳಿದಿತ್ತು. ದಡದಲ್ಲಿ ನಿಂತು ನೋಡುವವರಿಗೆ ಅದು ಎರಡು ಬೆರಳಷ್ಟು ಇಳಿತ. ಆದರೆ ಹರಿವು ಆ ಹೊತ್ತಿಗೆ 11.9ರಿಂದ 6 ಲೀಟರಿಗೆ, ಎಂದರೆ ಸರಿಯಾಗಿ ಅರ್ಧಕ್ಕೆ ಇಳಿದಿತ್ತು. ಹಳ್ಳ ಬತ್ತುವುದು ಕಣ್ಣಿಗೆ ತಡವಾಗಿ ಕಾಣುತ್ತದೆ ಎಂಬುದನ್ನು ತೋಟದ ಯಜಮಾನರಿಗೆ ಪಟ್ಟಿಯ ಎದುರು ನಿಂತೇ ವಿವರಿಸಿದೆ. ಅವರು ಆ ವರ್ಷ ತೋಟಕ್ಕೆ ನೀರು ಬಿಡುವ ಸರದಿಯನ್ನು ಮೊದಲೇ ಬದಲಿಸಿಕೊಂಡರು. ಹರಿವನ್ನು ಲಾಗರಿದಮ್ ಮಾಪಕದ ಹಾಳೆಯಲ್ಲಿ ದಿನಗಳ ಎದುರು ಗುರುತಿಸಿದರೆ ಮಳೆಯಿಲ್ಲದ ತಿಂಗಳುಗಳಲ್ಲಿ ಬಿಂದುಗಳು ಬಹುಮಟ್ಟಿಗೆ ಒಂದೇ ನೇರ ಗೆರೆಯಲ್ಲಿ ಬರುತ್ತವೆ, ಮತ್ತು ಆ ಗೆರೆಯನ್ನು ಮುಂದಕ್ಕೆ ಎಳೆದು ಏಪ್ರಿಲ್ ಹೇಗಿರಬಹುದು ಎಂದು ಅಂದಾಜಿಸಬಹುದು. ಜನವರಿಯ 11.9 ಲೀಟರನ್ನು 90 ಹೆಕ್ಟೇರಿಗೆ ಹಂಚಿದರೆ ದಿನಕ್ಕೆ 1.1 ಮಿ.ಮೀ. ಮಳೆಯ ಸುಳಿವಿಲ್ಲದ ದಿನಗಳಲ್ಲೂ ಕಾಡು ಮತ್ತು ಜಂಬಿಟ್ಟಿಗೆಯ ಗುಡ್ಡ ಅಷ್ಟು ನೀರನ್ನು ಬಿಟ್ಟುಕೊಡುತ್ತಿತ್ತು.

ಬೆಳಗಿನ ಓದಿಗಿಂತ ಸಂಜೆಯ ಓದು ತುಸು ಕಡಿಮೆ ಬರುವುದನ್ನು ವಿದ್ಯಾರ್ಥಿಗಳು ಗಮನಿಸಿದರು. ಹಗಲಿನಲ್ಲಿ ಹಳ್ಳದ ಅಂಚಿನ ಮರಗಳು ಬೇರಿನಿಂದ ನೀರೆಳೆಯುವುದು ಇದಕ್ಕೆ ಒಂದು ಕಾರಣ. ಮೇಲಿನ ತೋಟದ ಪಂಪು ಇನ್ನೊಂದು. ಇವೆರಡನ್ನು ಬೇರ್ಪಡಿಸಲು ಪಂಪು ಓಡಿದ ಸಮಯವನ್ನೂ ಬರೆದಿಡಬೇಕು.

ಮಳೆಮಾಪಕಕ್ಕೆ 16 ಸೆಂ.ಮೀ. ವ್ಯಾಸದ ಆಲಿಕೆ ಮತ್ತು ಐದು ಲೀಟರಿನ ಕ್ಯಾನ್ ಸಾಕು. ಆ ವ್ಯಾಸಕ್ಕೆ ಬಾಯಿಯ ವಿಸ್ತೀರ್ಣ 200 ಚದರ ಸೆಂ.ಮೀ. ಆಗುವುದರಿಂದ 20 ಮಿ.ಲೀ. ನೀರು ಒಂದು ಮಿ.ಮೀ. ಮಳೆಗೆ ಸಮ. ಹವಾಮಾನ ಇಲಾಖೆಯ ರೂಢಿಯಂತೆ ಬೆಳಿಗ್ಗೆ 8.30ಕ್ಕೆ ಓದಿದರೆ ನಮ್ಮ ಅಂಕಿಗಳನ್ನು ಹತ್ತಿರದ ಕೇಂದ್ರದೊಂದಿಗೆ ಹೋಲಿಸಬಹುದು.

ನೀರಿನ ಗುಣ

ಮಲೆನಾಡಿನ ಹಳ್ಳದ ನೀರು ಬಹಳ ಮೃದು; ಅಂಗಡಿಯಲ್ಲಿ ಸಿಗುವ ಮೀಟರುಗಳನ್ನು ಅದಕ್ಕೆ ತಕ್ಕಂತೆ ಸಜ್ಜುಗೊಳಿಸದೆ ಬಳಸಬಾರದು. ವಾಹಕತೆಯ ಮೀಟರನ್ನು ಸಾಮಾನ್ಯವಾಗಿ 1,413 ಮೈಕ್ರೊಸೀಮೆನ್ಸ್ ದ್ರಾವಣದಲ್ಲಿ ಹೊಂದಿಸುತ್ತಾರೆ. ಒಂದು ಲೀಟರ್ ಶುದ್ಧ ನೀರಿಗೆ 0.7456 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಹಾಕಿದರೆ 25 ಡಿಗ್ರಿಯಲ್ಲಿ ಆ ಮೌಲ್ಯ ಬರುತ್ತದೆ. 42ರ ಆಸುಪಾಸಿನ ನೀರಿಗೆ ಅದು ತೀರ ದೂರದ ಗುರುತು. ಅದನ್ನೇ ಹತ್ತು ಪಟ್ಟು ತೆಳುಗೊಳಿಸಿದರೆ 147 ಬರುತ್ತದೆ. ನಾವು ಅದರಲ್ಲಿ ಹೊಂದಿಸಿದೆವು. ಪಿಎಚ್ ಮೀಟರ್ ಕೂಡ ಇಂಥ ನೀರಿನಲ್ಲಿ ಬೇಗ ನಿಲ್ಲುವುದಿಲ್ಲ; ಅಂಕಿ ಅಲ್ಲಾಡುವುದು ನಿಲ್ಲುವವರೆಗೆ ತಾಳ್ಮೆಯಿಂದ ಕಾಯಬೇಕು.

ರಾಡಿ ಅಳೆಯಲು ಸೆಕ್ಕಿ ತಟ್ಟೆ ಕೆರೆಗಳಿಗೆ ಸರಿ. ಇಟಲಿಯ ಆಂಜೆಲೊ ಸೆಕ್ಕಿ 1865ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಬಿಳಿ ತಟ್ಟೆ ಇಳಿಬಿಟ್ಟು ಆರಂಭಿಸಿದ ಆ ವಿಧಾನ ಮೊಣಕಾಲುದ್ದದ ಹಳ್ಳದಲ್ಲಿ ನಡೆಯದು. ತಟ್ಟೆ ಮರೆಯಾಗುವ ಮೊದಲೇ ತಳ ಸಿಗುತ್ತದೆ. ಅದರ ಬದಲು 60 ಸೆಂ.ಮೀ. ಉದ್ದದ ಪಾರದರ್ಶಕ ಅಕ್ರಿಲಿಕ್ ಕೊಳವೆಯ ಒಂದು ತುದಿ ಮುಚ್ಚಿ, ತಳಕ್ಕೆ ಕಪ್ಪುಬಿಳುಪು ಚೌಕದ ಸಣ್ಣ ತಟ್ಟೆ ಅಂಟಿಸಿ, ಪಕ್ಕಕ್ಕೆ ಅಳತೆಯ ಟೇಪು ಹಚ್ಚಿದೆವು. ನೀರು ತುಂಬಿ, ನೆರಳಿನಲ್ಲಿ ನಿಂತು, ಬುಡದ ನಳ್ಳಿಯಿಂದ ನಿಧಾನವಾಗಿ ನೀರು ಬಿಡುತ್ತ, ಚೌಕ ಕಾಣಿಸಿಕೊಂಡ ಎತ್ತರವನ್ನು ಬರೆಯುವುದು. ಮಣ್ಣಿನ ತೂಕ ಬೇಕಾದಾಗ ಸೋಸುಕಾಗದವನ್ನು ಒಣಗಿಸಿ ತೂಗಿ, ಒಂದು ಲೀಟರ್ ಸೋಸಿ, ಮತ್ತೆ ಒಣಗಿಸಿ ತೂಗಿದೆವು.

ಕರಗಿದ ಆಮ್ಲಜನಕಕ್ಕೆ ಲಾಯೊಶ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನವನ್ನೇ ಬಳಸಿದೆವು. ದುಬಾರಿ ಮೀಟರ್ ಇದ್ದರೂ ಆರಂಭದ ವಿದ್ಯಾರ್ಥಿಗಳು ಇದನ್ನು ಒಮ್ಮೆ ಮಾಡಬೇಕು ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಇದರಲ್ಲಿ ಆಮ್ಲಜನಕ ಕಣ್ಣಿಗೆ ಕಾಣುತ್ತದೆ. 300 ಮಿ.ಲೀ. ಬಾಟಲಿಯನ್ನು ಗುಳ್ಳೆ ಸೇರದಂತೆ ನೀರಿನೊಳಗೇ ತುಂಬಿ, ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರೀಯ ಅಯೊಡೈಡನ್ನೂ ಪಿಪೆಟ್ಟಿನ ತುದಿ ನೀರಿನಲ್ಲಿ ಮುಳುಗಿಸಿ ಬಿಟ್ಟು ಮುಚ್ಚಳ ಹಾಕಿ ತಿರುಗಿಸಿದರೆ ಮೋಡದಂತೆ ಮಡ್ಡಿ ಹುಟ್ಟುತ್ತದೆ. ಆಮ್ಲಜನಕ ಇದ್ದರೆ ಆ ಮಡ್ಡಿ ಕಂದು, ಇಲ್ಲದಿದ್ದರೆ ಬಿಳಿ. ಗಂಧಕಾಮ್ಲ ಹಾಕಿದೊಡನೆ ಮಡ್ಡಿ ಕರಗಿ ನೀರು ಹೊಂಬಣ್ಣಕ್ಕೆ ತಿರುಗುತ್ತದೆ. ಥಯೊಸಲ್ಫೇಟ್ ಬಿಡುತ್ತ ಹೋಗಿ ಬಣ್ಣ ಹುಲ್ಲಿನ ತಿಳಿಹಳದಿಗೆ ಬಂದಾಗ ಗಂಜಿಯ ದ್ರಾವಣ ಹಾಕಿ, ನೀಲಿ ಮಾಯವಾಗುವ ಹನಿಗೆ ನಿಲ್ಲಿಸಬೇಕು. 200 ಮಿ.ಲೀ. ಮಾದರಿಗೆ 0.025 ನಾರ್ಮಲ್ ಥಯೊಸಲ್ಫೇಟ್ ಬಳಸಿದರೆ, ತಗುಲಿದ ಪ್ರತಿ ಮಿ.ಲೀ. ಲೀಟರಿಗೆ ಒಂದು ಮಿಲಿಗ್ರಾಂ ಆಮ್ಲಜನಕಕ್ಕೆ ಸಮ. ನಮಗೆ 7.6 ಬಂತು. ನೀರಿನ ಉಷ್ಣತೆ 22 ಡಿಗ್ರಿ, ಊರಿನ ಎತ್ತರ ಸುಮಾರು 600 ಮೀಟರ್; ಅಂಥಲ್ಲಿ ಪೂರ್ಣ ಕರಗಬಹುದಾದದ್ದು ಸುಮಾರು 8.1. ಗಂಧಕಾಮ್ಲವನ್ನೂ ಅಜೈಡ್ ಎಂಬ ವಿಷಕಾರಿ ರಾಸಾಯನಿಕ ಇರುವ ಅಯೊಡೈಡ್ ದ್ರಾವಣವನ್ನೂ ಶಿಕ್ಷಕರೇ ಕೈಗವಸು, ಕನ್ನಡಕ ಹಾಕಿಕೊಂಡು ಬಳಸಬೇಕು; ಉಳಿದ ದ್ರಾವಣವನ್ನು ಹಳ್ಳಕ್ಕೆ ಚೆಲ್ಲದೆ ವಾಪಸು ತರಬೇಕು.

ಹಳ್ಳದ ಮೇಲ್ಭಾಗದ ಅಬ್ಬಿಯಿಂದ ಪೈಪಿನಲ್ಲಿ ಕುಡಿಯುವ ನೀರು ತರುವ ಮನೆಗಳಿರುವುದರಿಂದ ಮಲಮಾಲಿನ್ಯದ ಪರೀಕ್ಷೆ ಬಿಡುವಂತಿರಲಿಲ್ಲ. ಮಾಂಜಾ, ಮೌರ್ಯ ಮತ್ತು ರಾವ್ ಎಂಬ ಭಾರತೀಯ ವಿಜ್ಞಾನಿಗಳು 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟಿಸಿದ ಹೈಡ್ರೊಜನ್ ಸಲ್ಫೈಡ್ ಬಾಟಲಿಯ ಪರೀಕ್ಷೆ ಹಳ್ಳಿಗೆ ಹೇಳಿ ಮಾಡಿಸಿದಂತಿದೆ. ನೀರು ತುಂಬಿಟ್ಟ ಆ ಪರೀಕ್ಷೆಯ ಬಾಟಲಿ ಒಂದೆರಡು ದಿನದಲ್ಲಿ ಕಪ್ಪಾದರೆ ಆ ನೀರನ್ನು ಕುದಿಸದೆ ಕುಡಿಯಬಾರದು. ಕಪ್ಪಾಗದಿದ್ದರೂ ನೀರು ಪೂರ್ತಿ ಸುರಕ್ಷಿತ ಎಂದು ಹೇಳಿಬಿಡಬಾರದು. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500ರ ಪ್ರಕಾರ 100 ಮಿ.ಲೀ.ಯಲ್ಲಿ ಕೋಲಿಫಾರ್ಮ್ (ಮಲಮಾಲಿನ್ಯದ ಸೂಚಕ ಬ್ಯಾಕ್ಟೀರಿಯಾ) ಇರಲೇಬಾರದು, ಅದನ್ನು ಖಚಿತಪಡಿಸುವುದು ಪ್ರಯೋಗಾಲಯದ ಕೆಲಸ.

ಬಯಲುಸೀಮೆಯವರು ಇದನ್ನು ಮಾಡುವಾಗ ಅಳತೆ ಮತ್ತು ಪರೀಕ್ಷೆಗಳ ಯಾದಿಯನ್ನು ಬದಲಿಸಿಕೊಳ್ಳಬೇಕು. ಕೋಲಾರ, ಪಾವಗಡದಂಥ ಕಡೆ ವರ್ಷದ ಬಹುಪಾಲು ಹರಿಯುವ ಹಳ್ಳವೇ ಇರುವುದಿಲ್ಲ. ಅಲ್ಲಿ ಬಾವಿಯ ನೀರಿನ ಆಳವೇ ಹರಿವಿನ ಸ್ಥಾನದಲ್ಲಿ ನಿಲ್ಲುತ್ತದೆ, ಫ್ಲೋರೈಡ್ ಮೊದಲ ಪರೀಕ್ಷೆಯಾಗುತ್ತದೆ. ಅದರ ಅಪೇಕ್ಷಿತ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದಾಗ 1.5.

ಮಳೆಗಾಲದ ಸಿದ್ಧತೆ

ಮೇ ತಿಂಗಳಲ್ಲಿ ಹಲಗೆಯನ್ನು ಮೇಲೆತ್ತಿ ತೊಳೆದು ಕೊಟ್ಟಿಗೆಯಲ್ಲಿ ಇಟ್ಟಿದ್ದೇವೆ. ನಮ್ಮ ಕಂಡಿ ತುಂಬಿ ಹರಿದರೂ ಸೆಕೆಂಡಿಗೆ ಸುಮಾರು 43 ಲೀಟರ್ ಮಾತ್ರ ಅಳೆಯಬಲ್ಲದು. ಜುಲೈನ ಹಳ್ಳಕ್ಕೆ ಅದು ಏನೇನೂ ಸಾಲದು. ಮಳೆಗಾಲದಲ್ಲಿ ರಸ್ತೆಯ ಮೋರಿಯ ಗೋಡೆಗೆ ಬರೆದ ಮಟ್ಟದ ಗೆರೆಗಳನ್ನು ಓದುತ್ತೇವೆ, ಮತ್ತು ಬೇರೆ ಬೇರೆ ಮಟ್ಟದಲ್ಲಿ ಉಪ್ಪಿನ ವಿಧಾನದಿಂದ ಹರಿವು ಅಳೆದು ಮಟ್ಟಕ್ಕೂ ಹರಿವಿಗೂ ಇರುವ ಸಂಬಂಧದ ಗೆರೆ ಎಳೆಯುತ್ತೇವೆ. ದೊಡ್ಡ ಹರಿವಿಗೆ ಉಪ್ಪಿನ ಪ್ರಮಾಣವನ್ನು ಕಿಲೊಗಳಿಗೆ ಏರಿಸಬೇಕಾಗುತ್ತದೆ. ನೀರಿಗೆ ಇಳಿಯದೆ, ದಡದಿಂದಲೇ ಕೆಲಸ ಮುಗಿಸುವುದು ಕಡ್ಡಾಯ.

ಈ ಮಳೆಗಾಲದ ಮುಖ್ಯ ಪ್ರಶ್ನೆ ತಾಮ್ರ. ಅಡಿಕೆಯ ಕೊಳೆರೋಗಕ್ಕೆ ಎಲ್ಲ ತೋಟಗಳಲ್ಲೂ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೊ ಸುಣ್ಣ. ಒಂದು ಕಿಲೊ ಮೈಲುತುತ್ತದಲ್ಲಿ ಸುಮಾರು 255 ಗ್ರಾಂ ತಾಮ್ರ ಇರುತ್ತದೆ. ಕೊಳೆಯಿಂದ ಬೆಳೆ ಉಳಿಸಲು ರೈತರಿಗೆ ಅದು ಬೇಕೇ ಬೇಕು. ಅದರಲ್ಲಿ ಎಷ್ಟು ಪಾಲು ಮಣ್ಣಿನಲ್ಲಿ ನಿಲ್ಲುತ್ತದೆ, ಎಷ್ಟು ಹಳ್ಳ ಸೇರುತ್ತದೆ ಎಂಬುದನ್ನು ತಿಳಿಯುವುದು ಅವರಿಗೂ ಒಳ್ಳೆಯದೇ. ತಾಮ್ರ ಮಣ್ಣಿನ ಕಣಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುವುದರಿಂದ ಅದು ತಿಳಿನೀರಿಗಿಂತ ಹೆಚ್ಚಾಗಿ ರಾಡಿಯ ಜೊತೆ, ಸಿಂಪಡಣೆಯ ನಂತರದ ಮೊದಲ ಜೋರು ಮಳೆಯಲ್ಲಿ ಹೋಗುವ ಸಾಧ್ಯತೆಯಿದೆ. ಆದ್ದರಿಂದ ನೀರು ಏರುವಾಗ, ತುದಿಯಲ್ಲಿ ಮತ್ತು ಇಳಿಯುವಾಗ ಮಾದರಿ ತೆಗೆಯಬೇಕು. ಪ್ರತಿ ಸಲವೂ ಸೋಸಿದ್ದು ಒಂದು, ಸೋಸದ್ದು ಒಂದು. ಸೋಸಿದ ಮೇಲೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ ಪ್ರಯೋಗಾಲಯಕ್ಕೆ ಕಳಿಸಬೇಕು. ಬಾಟಲಿಗಳನ್ನು ಆಮ್ಲದಲ್ಲಿ ತೊಳೆದು ಒಣಗಿಸಿ ಆಗಿದೆ. ಪ್ರತಿ ಬಾಟಲಿಯ ಚೀಟಿಯಲ್ಲೂ ದಿನಾಂಕ ಮತ್ತು ಸಮಯದ ಕೆಳಗೆ, ಮಾದರಿಯ ಸಂಖ್ಯೆಗೂ ಮೊದಲು, ಆ ನಿಮಿಷದ ಮಟ್ಟ ಬರೆಯಲು ಜಾಗ ಬಿಟ್ಟಿದ್ದೇವೆ.